ಜಗಳೂರಜ್ಜಿಯ ಕೌದಿ ಮತ್ತು ಕೊನೆಯ ಕಂತು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ಗಂಡ ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಅದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಇಡೀ ದಿನಕ್ಕೆ ಮೂರು ಲೋಟ ನೀರು. ಅದರಲ್ಲೇ ಕಾಫಿ, ಅದರಲ್ಲೇ ಸಾರು, ಅದರಲ್ಲೇ ಮಾತ್ರೆ. ಚನ್ನಗಿರಿಯ ಬೇಸಿಗೆಯಲ್ಲಿ ಹೀಗೆ ಬದುಕಿ ನೋಡಿ, ನಿಮಗೂ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಈ ಜನ್ಮದಲ್ಲಿ ಒಂದೇ ಒಂದು ಸಲ ಉಪಯೋಗಕ್ಕೆ ಬಂದದ್ದು ಹೇಗೆ ಎಂದು ಹೇಳಲು ಹೊರಟಿದ್ದೇನೆ.

ನಾನು ಬ್ಲೌಸ್ ಹೊಲಿಯುವವಳು. ಮೂರು ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಹೊಲಿಗೆ ಮಷೀನು ಬಿಟ್ಟು ಆಸ್ಪತ್ರೆಯ ಡಯಾಲಿಸಿಸ್ ಮಷೀನಿನ ಪಕ್ಕ ಹೋಗಿ ಮಲಗುತ್ತೇನೆ. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಮಷೀನು ಅದನ್ನು ತೊಳೆಯುತ್ತದೆ, ಇನ್ನೊಂದರಿಂದ ಮತ್ತೆ ಒಳಗೆ ಬರುತ್ತದೆ. ನಾಲ್ಕು ಗಂಟೆ ಆ ಕೈಯನ್ನು ಅಲುಗಾಡಿಸುವ ಹಾಗಿಲ್ಲ. ಮೈಯೊಳಗಿನ ರಕ್ತ ಹೊರಗೆ ತಿರುಗಾಡಿಕೊಂಡು ಬರುವುದರಿಂದಲೋ ಏನೋ, ಏಪ್ರಿಲ್ ತಿಂಗಳಲ್ಲೂ ಚಳಿಯಾಗುತ್ತದೆ. ಎಲ್ಲರೂ ಮನೆಯಿಂದ ಏನಾದರೂ ಹೊದಿಕೆ ತರುತ್ತೇವೆ.

ನಮ್ಮ ಕೋಣೆಯಲ್ಲಿ ನಾಲ್ಕು ಬೆಡ್ಡು. ಮಷೀನು ಎಲ್ಲಿ ಖಾಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕಾದ ಕಾಯಿಲೆ ಇದು, ಹಾಗಾಗಿ ಬೇರೆ ಬೇರೆ ತಾಲೂಕಿನವರು ಒಂದೇ ಸೂರಿನಡಿ ಬಂದು ಬೀಳುತ್ತೇವೆ. ಅಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ಕಿಟಕಿ ಪಕ್ಕ ಹೊನ್ನಾಳಿ ಮೇಷ್ಟ್ರು. ರಿಟೈರಾಗಿ ಹತ್ತು ವರ್ಷವಾದರೂ ಪಾಠ ಮಾಡುವುದನ್ನು ನಿಲ್ಲಿಸದವರು, ಸಕ್ಕರೆ ಕಾಯಿಲೆಯವರು. ಅವರ ಪಕ್ಕ ನ್ಯಾಮತಿ. ಟೆಂಪೋ ಓಡಿಸುತ್ತಿದ್ದ, ಎರಡು ಮಕ್ಕಳ ತಂದೆ. ಆಮೇಲೆ ನಾನು, ಅಂದರೆ ಚನ್ನಗಿರಿ. ನನ್ನ ಬಲಕ್ಕೆ, ಬಾಗಿಲ ಹತ್ತಿರ, ಜಗಳೂರಜ್ಜಿ. ಅಜ್ಜಿ ಕೆರೆಬಿಳಚಿಯ ಮಗಳ ಮನೆಯಲ್ಲಿದ್ದರು. ಆದರೆ ಜಗಳೂರಿನವರು ಎಲ್ಲಿದ್ದರೂ ಜಗಳೂರಿನವರೇ. ಮಾತು ಶುರುವಾದರೆ ಮೂರನೇ ವಾಕ್ಯಕ್ಕೆ ಅಲ್ಲಿಯ ಜೋಳದ ರೊಟ್ಟಿ ಬಂದೇ ಬರುತ್ತಿತ್ತು.

ಅಜ್ಜಿ ಮೊದಲ ದಿನ ಬಂದಾಗ ಸೂಜಿ ಚುಚ್ಚಲು ಬಿಡಲಿಲ್ಲ. ಮಷೀನಿನ ಮೇಲೆ ತಿರುಗುವ ಚಕ್ರ, ನಮ್ಮ ಕೊಳವೆಗಳಲ್ಲಿ ಓಡುವ ಕೆಂಪು, ಇದನ್ನೆಲ್ಲ ಕಣ್ಣರಳಿಸಿ ನೋಡಿ ಗಟ್ಟಿಯಾಗಿ ಕೂಗಿದರು. "ಅಯ್ಯಯ್ಯೋ, ಇದು ರಕ್ತ ಕುಡಿಯೋ ಪಿಶಾಚಿ! ನನ್ನನ್ನ ಇದರ ಬಾಯಿಗೆ ಹಾಕಾಕೆ ಕರ್ಕಂಡು ಬಂದೀಯೇನೇ?" ಎಂದು ಮಗಳ ಮೇಲೆ ಹರಿಹಾಯ್ದರು. ಮಗಳು ಪಾಪ, ತಲೆ ತಗ್ಗಿಸಿ ನಿಂತಿದ್ದಳು. ನಾನು ಪಕ್ಕದ ಬೆಡ್ಡಿನಿಂದ, "ಕುಡಿಯೋದೇನೋ ಕುಡಿತೈತೆ ಅಜ್ಜಿ, ಆದ್ರೆ ತೊಳೆದು ವಾಪಸ್ ಕೊಡ್ತೈತೆ. ಇಂಥಾ ಮರ್ಯಾದಸ್ಥ ಪಿಶಾಚಿ ನಿಮಗೆ ಇನ್ನೆಲ್ಲೂ ಸಿಗಲ್ಲ, ಸುಮ್ನೆ ಮಲಗ್ರಿ" ಎಂದೆ. ಅಜ್ಜಿ ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕು, ಕೈ ಚಾಚಿದರು.

ಅದು ಸೋಮವಾರ, ಗಂಟೆ ಹನ್ನೆರಡಕ್ಕೆ ಹತ್ತಿರ. ಅಜ್ಜಿಯ ಪುಣ್ಯವೋ ನಮ್ಮ ಪುಣ್ಯವೋ, ಗೋಡೆಯ ಟಿವಿಯಲ್ಲಿ ಪಿಶಾಚಿ ಸೀರಿಯಲ್ ಶುರುವಾಯಿತು.

ಆ ಸೀರಿಯಲ್ಲಿನ ಬಗ್ಗೆ ಎರಡು ಮಾತು ಹೇಳಬೇಕು. ಹಿಂದಿಯಿಂದ ಡಬ್ ಮಾಡಿದ್ದು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ರಕ್ತ ಕುಡಿಯುವ ಪಿಶಾಚಿಗಳನ್ನು ಹುಡುಕಿ ಕೊಲ್ಲುವ ಐದು ಜನರ ಕಥೆ. ಅವರಿಗೆಲ್ಲ ಒಬ್ಬ ಹುಡುಗಿ ನಾಯಕಿ, ಅವಳ ಕೈಯಲ್ಲಿ ಬೆಳ್ಳಿಯ ಈಟಿ. ಭಾನುವಾರ ಸಂಜೆ ಹೊಸ ಕಂತು, ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಮತ್ತೊಮ್ಮೆ. ನಮ್ಮ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ಕಾನೂನಿತ್ತು: ಭಾನುವಾರ ಮನೆಯಲ್ಲಿ ಯಾರೂ ನೋಡಬಾರದು, ಸೋಮವಾರ ನಾಲ್ಕೂ ಜನ ಒಟ್ಟಿಗೇ ನೋಡಬೇಕು. ಮೇಷ್ಟ್ರು ಎರಡು ಸಲ ಕದ್ದು ನೋಡಿ ಬಂದು, "ಈಗ ನೋಡಿ, ಅವನು ಸಾಯೋದಿಲ್ಲ" ಎಂದು ಬಾಯಿ ಬಿಟ್ಟು ಸಿಕ್ಕಿಬಿದ್ದಿದ್ದರು. ನಾನು ಅವರ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ. ಒಂದೇ ಕೋಣೆಯಲ್ಲಿ ನಾಲ್ಕು ಗಂಟೆ ಮಲಗಿ ಮಾತು ಬಿಡುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಅಜ್ಜಿ ಬಂದಾಗ ಕಥೆ ಆಗಲೇ ಅರ್ಧ ಆಗಿಹೋಗಿತ್ತು. ಅವರಿಗೆ ಕೊನೆಯವರೆಗೂ ಬಗೆಹರಿಯದ ಪ್ರಶ್ನೆ ಒಂದೇ. ನಾಯಕಿಯ ಎಡಗೈ ಮೇಲೆ ಮೊಣಕೈವರೆಗೆ ಉದ್ದಕ್ಕೆ ಒಂದು ಗಾಯದ ಗುರುತು. ನಮ್ಮೆಲ್ಲರ ಕೈ ಮೇಲೂ ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿದ ಗುರುತು ಹೆಚ್ಚು ಕಡಿಮೆ ಅಲ್ಲೇ ಇದೆ. "ಆ ಹುಡುಗಿಗೆ ಕೈ ಮ್ಯಾಲೆ ಅದು ಹೆಂಗಾತು?" ಎಂದು ಅಜ್ಜಿ ಪ್ರತಿ ಸೋಮವಾರ ಕೇಳುತ್ತಿದ್ದರು. ಮೊದಲ ಕಂತಿನಲ್ಲಿ ತೋರಿಸಿದ್ದರು, ಅಷ್ಟು ನೆನಪು. ನಾಯಿ ಕಚ್ಚಿದ್ದು ಎಂದು ಮೇಷ್ಟ್ರು, ಬೆಂಕಿ ತಗುಲಿದ್ದು ಎಂದು ನ್ಯಾಮತಿ. ನಾನು ಆವತ್ತು ನಿದ್ದೆ ಹೋಗಿದ್ದೆ. "ಮೂರು ಮಂದಿ ನೋಡೀರಿ, ಒಬ್ಬರಿಗಾದ್ರೂ ನೆಟ್ಟಗೆ ಗೊತ್ತಿಲ್ಲ. ಥೂ ನಿಮ್ಮ!" ಎಂದು ಅಜ್ಜಿ ಉಗಿಯುತ್ತಿದ್ದರು.

ಒಂದು ವರ್ಷ ಹೀಗೇ ಹೋಯಿತು. ಅಜ್ಜಿ ತಮ್ಮ ಕೈಯಾರೆ ಹೊಲಿದ ಕೌದಿ ಹೊದ್ದು ಮಲಗುತ್ತಿದ್ದರು. ಹಳೆ ಸೀರೆ, ಧೋತರ, ಮೊಮ್ಮಕ್ಕಳ ಲಂಗ, ಎಲ್ಲದರ ತುಂಡು ಸೇರಿಸಿ ಎಂಥಾ ಹತ್ತಿರ ಹತ್ತಿರ ಹೊಲಿಗೆ ಹಾಕಿದ್ದರು ಅಂದರೆ, ಇಪ್ಪತ್ತೈದು ವರ್ಷ ಹೊಲಿಗೆಯಲ್ಲೇ ಕಣ್ಣು ಸವೆಸಿದ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. "ಈ ಕೌದಿ ನನಗೆ ಕೊಡ್ರಿ ಅಜ್ಜಿ, ಎರಡು ಬ್ಲೌಸ್ ಪುಕ್ಕಟೆ ಹೊಲಿದು ಕೊಡ್ತೀನಿ" ಎಂದು ಚೌಕಾಸಿ ಮಾಡುತ್ತಿದ್ದೆ. "ನಾನು ಹೋದ ಮ್ಯಾಲೆ ತಗಳವ್ವ" ಎನ್ನುತ್ತಿದ್ದರು. ಆಗ ಅದು ತಮಾಷೆಯಾಗಿತ್ತು.

ಸೀರಿಯಲ್ ಇಲ್ಲದ ಬುಧವಾರ, ಶುಕ್ರವಾರಗಳಲ್ಲಿ ಅಜ್ಜಿ ತಮ್ಮ ಕಥೆ ಹೇಳುತ್ತಿದ್ದರು. ಅವರ ಅಪ್ಪ ಹಳ್ಳಿಯ ಗುಡಿಯಲ್ಲಿ ಶ್ರಾವಣ ಪೂರ್ತಿ ಶರಣರ ಪುರಾಣ ಓದುತ್ತಿದ್ದರಂತೆ. ಕೊನೆಯ ದಿನ ಮಂಗಲ. ಆರತಿ ಆಗಬೇಕು, ಎಲ್ಲರಿಗೂ ಪ್ರಸಾದ ಹಂಚಬೇಕು. ಪ್ರಸಾದ ತಗೊಂಡು ಜನ ಏಳುವಷ್ಟರಲ್ಲಿ ಅಪ್ಪ, "ಕುಂದ್ರಿ, ಕುಂದ್ರಿ" ಎಂದು ಎಲ್ಲರನ್ನೂ ಮತ್ತೆ ಕೂರಿಸಿ, ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿ, ಶುರುವಿನಿಂದ ಒಂದಿಷ್ಟು ಓದಿದ ಮೇಲೇ ಬಟ್ಟೆ ಸುತ್ತಿ ಇಡುತ್ತಿದ್ದರಂತೆ. "ಮುಗಿಸಿದ ಬಾಯಲ್ಲೇ ಶುರು ಮಾಡಬೇಕು. ಮುಗೀತು ಅಂತ ಹಂಗೇ ಎದ್ದು ಹೋಗಬಾರದು, ಊರಿಗೆ ಒಳ್ಳೇದಲ್ಲ ಅಂತಿದ್ದ ನಮ್ಮಪ್ಪ." ಮುಂದಿನ ವರ್ಷವೂ ಜನ ಬರಲಿ ಎಂದು ಮಾಡಿದ ಉಪಾಯ ಅದು ಎಂದು ಮೇಷ್ಟ್ರು ವಿವರಣೆ ಕೊಟ್ಟರು. ಅಜ್ಜಿಗೆ ಅದು ಹಿಡಿಸಲಿಲ್ಲ.

ಬರುವ ಭಾನುವಾರ ಕೊನೆಯ ಕಂತು ಎಂದು ಟಿವಿಯವರು ಬಡಕೊಳ್ಳಲು ಶುರು ಮಾಡಿದ ವಾರ, ಅಜ್ಜಿ ಬುಧವಾರ ಹೇಳಿದರು. "ಒಂದು ವರ್ಷ ಕೇಳಿದ ಕಥೆ, ಮಂಗಲ ಮಾಡದೆ ಬಿಡಬಾರದು. ಪ್ರಸಾದ ಏನಾದ್ರೂ ತಾ, ಚನ್ನಗಿರಿ." ನಾವೆಲ್ಲ ನಕ್ಕೆವು. ನಮ್ಮ ನಾಲ್ಕು ಜನಕ್ಕೆ ಪ್ರಸಾದ ಮಾಡುವುದು ಹುಡುಗಾಟವಲ್ಲ. ಬಾಳೆಹಣ್ಣು ಕೂಡದು, ಕೊಬ್ಬರಿ ಕೂಡದು, ಉಪ್ಪು ಕೂಡದು. ಸಕ್ಕರೆ ಹಾಕಿದರೆ ಮೇಷ್ಟ್ರಿಗೆ ಕೂಡದು.

ಶುಕ್ರವಾರ ಸೂಜಿ ತೆಗೆಸಿಕೊಂಡು, ಹತ್ತಿ ಒತ್ತಿ ಹಿಡಿದುಕೊಂಡು ಹೊರಗೆ ಬಂದೆ. ಬೆಂಚಿನ ಮೇಲೆ ಅಜ್ಜಿಯ ಮಗಳು ಕೂತಿದ್ದಳು. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ಅವ್ವ ಸೋಮವಾರ ಆದ ಮ್ಯಾಲೆ ಬರಲ್ಲ ಅಂತಾಳೆ. ಸೀರಿಯಲ್ ಮುಗೀತೈತೆ, ನಂದೂ ಸಾಕು ಅಂತಾಳೆ. ನನ್ನ ಕೆಲಸ ವಾರಕ್ಕೆ ಮೂರು ದಿನ ಹಾಳಾಗ್ತೈತಂತೆ, ನಿನಗೆ ಯಾಕೆ ಭಾರ ಆಗಲಿ ಅಂತಾಳೆ. ನಾನು ಯಾವತ್ತಾದ್ರೂ ಭಾರ ಅಂದೀನಾ ಅಕ್ಕಾ? ಡಾಕ್ಟ್ರು ಹೇಳಿದ್ರು, ನಮ್ಮ ಮನೆಯವರು ಕಾಲು ಹಿಡ್ಕಂಡ್ರು. ಯಾರ ಮಾತೂ ಕೇಳಾಕೆ ತಯಾರಿಲ್ಲ."

ಬಾಗಿಲ ಹತ್ತಿರದ ಆ ಬೆಡ್ಡಿನಲ್ಲಿ ಅಜ್ಜಿಗಿಂತ ಮೊದಲು ಉಬ್ರಾಣಿ ಕಡೆಯವರೊಬ್ಬರು ಇದ್ದರು. ಸಾಕು ಅಂದವರು ಒಂದು ಸೋಮವಾರ ಬರಲಿಲ್ಲ, ಬುಧವಾರವೂ ಬರಲಿಲ್ಲ. ಹದಿನೈದು ದಿನ ಆಗುವಷ್ಟರಲ್ಲಿ ಸುದ್ದಿ ಬಂತು. ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆವತ್ತು ಯಾರೂ ಅವರ ಮನೆಗೆ ಹೋಗಿ ಒಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಶನಿವಾರ ಮೇಷ್ಟ್ರಿಗೂ ನ್ಯಾಮತಿಗೂ ಫೋನ್ ಮಾಡಿದೆ. "ಸೀರಿಯಲ್ ಮುಂದುವರಿಸ್ತಾರಂತೆ ಅಂತ ಸುಳ್ಳು ಹೇಳೋಣ ಅಕ್ಕ" ಎಂದ ನ್ಯಾಮತಿ. ಹತ್ತು ನಿಮಿಷಕ್ಕೊಂದು ಸಲ ಟಿವಿಯಲ್ಲಿ ಕೊನೆಯ ಕಂತು, ಕೊನೆಯ ಕಂತು ಎಂದು ಕಿರುಚುತ್ತಿರುವಾಗ ಅಜ್ಜಿಯೇನು ಕಿವುಡಿಯೇ? ಮೇಷ್ಟ್ರು, "ನಾನು ಅವರಿಗೆ ಜೀವನದ ಬೆಲೆ ಬಗ್ಗೆ ಮನವರಿಕೆ ಮಾಡ್ತೀನಿ" ಎಂದರು. "ಬ್ಯಾಡ್ರಿ ಮೇಷ್ಟ್ರೇ, ನಿಮ್ಮ ಪಾಠ ಕೇಳಿದ್ರೆ ಅಜ್ಜಿ ಸೋಮವಾರಾನೂ ಬರಲ್ಲ" ಎಂದು ಫೋನ್ ಇಟ್ಟೆ. ಒಟ್ಟಿನಲ್ಲಿ ಯಾರ ಹತ್ತಿರವೂ ಒಂದು ಉಪಾಯ ಇರಲಿಲ್ಲ.

ಭಾನುವಾರ ಸಂಜೆ ಪಕ್ಕದ ಮನೆಯ ಟಿವಿಯಿಂದ ಪಿಶಾಚಿಗಳ ಚೀರಾಟ ಗೋಡೆ ದಾಟಿ ಬರುತ್ತಿತ್ತು. ಕಾನೂನು ಕಾನೂನೇ. ನಾನು ಅಡುಗೆಮನೆಗೆ ಹೋಗಿ ಕಬ್ಬಿಣದ ಬಾಣಲೆ ಇಟ್ಟು ಪ್ರಸಾದಕ್ಕೆಂದು ಜೋಳದ ಅರಳು ಹುರಿಯಲು ಕೂತೆ. ಅಂಗಡಿ ಮಂಡಕ್ಕಿಯಲ್ಲಿ ಉಪ್ಪಿರುತ್ತದೆ, ಮನೆಯ ಅರಳಿನಲ್ಲಿ ನಾವು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅರಳು ಪಟಪಟ ಸಿಡಿಯುತ್ತಿತ್ತು, ನನಗೆ ಅಳು ಬರುತ್ತಿತ್ತು. ಗಂಡ ಬಂದು, "ಕಣ್ಣೀರು ಹೊಗೆಗಾ?" ಎಂದು ಕೇಳಿದರು. "ಹೊಗೆಗೇ" ಎಂದು ರೇಗಿದೆ.

ಸೋಮವಾರ ಅಜ್ಜಿ ಹಬ್ಬಕ್ಕೆ ಬಂದವರ ಹಾಗೆ ಬಂದರು. ಇಳಕಲ್ ಸೀರೆ, ಹಣೆಗೆ ವಿಭೂತಿ. ಎಲ್ಲರಿಗಿಂತ ಮೊದಲು ಅವರಿಗೇ ಸೂಜಿ ಹಾಕಿದರು. ಡಯಾಲಿಸಿಸ್ ಸಿಸ್ಟರ್‌ಗೆ ಪ್ರಸಾದದ ವಿಷಯ ಮೊದಲೇ ಹೇಳಿದ್ದೆ. ಅವರು ಅರಳಿನ ಡಬ್ಬಿ ತೆರೆದು ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿ, "ತಲೆಗೆ ಒಂದು ಹಿಡಿ. ಆಮೇಲೆ ನೀರು ಅಂತ ಕೇಳಿದ್ರೆ ನೋಡಿ ಮತ್ತೆ" ಎಂದು ಅಪ್ಪಣೆ ಕೊಟ್ಟರು.

ಹನ್ನೆರಡಕ್ಕೆ ಕೊನೆಯ ಕಂತು ಶುರುವಾಯಿತು. ನಾನು ಟಿವಿ ನೋಡಿದ್ದು ಕಡಿಮೆ, ಅಜ್ಜಿಯನ್ನು ನೋಡಿದ್ದೇ ಹೆಚ್ಚು. ದೊಡ್ಡ ಪಿಶಾಚಿಯನ್ನು ನಾಯಕಿ ಬೆಟ್ಟದ ಮೇಲೆ ಎಳೆದು ತಂದಳು. ಬೆಳಗಿನ ಬಿಸಿಲು ಬಿತ್ತು, ಅದು ಬೂದಿಯಾಯಿತು. ಎರಡು ವರ್ಷ ಎಳೆದ ಕಥೆ ಎರಡು ನಿಮಿಷದಲ್ಲಿ ಮುಗಿಯಿತು. ಐದೂ ಜನ ತಬ್ಬಿಕೊಂಡರು. ನಾಯಕಿ ಬೆಳ್ಳಿಯ ಈಟಿಯನ್ನು ಹೊಳೆಗೆ ಎಸೆದು ಹಿಂದೆ ತಿರುಗಿ ನೋಡದೆ ನಡೆದಳು. ಶುಭಂ ಎಂದು ಬಂತು.

"ಇಷ್ಟೇನಾ?" ಎಂದರು ಅಜ್ಜಿ. ಆಮೇಲೆ, "ಈಟಿ ಯಾಕೆ ಬಿಸಾಕಿದ್ಲು ಹುಚ್ಚಿ? ನಾಳೆ ಇನ್ನೊಂದು ಪಿಶಾಚಿ ಬಂದ್ರೆ ಏನ್ ಮಾಡ್ತಾಳೆ?"

ಸಿಸ್ಟರ್ ಅರಳು ಹಂಚಿದರು. ಉಪ್ಪಿಲ್ಲ, ಸಿಹಿಯಿಲ್ಲ, ಒಗ್ಗರಣೆಯಿಲ್ಲ. ಆದರೂ ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದೆವು. ಅಜ್ಜಿ ಬಲಗೈಯನ್ನು ಹಣೆಗೆ ಮುಟ್ಟಿಸಿ, "ಮಂಗಲ ಆತು" ಎಂದರು. ಸಮಾಧಾನದ ದನಿ. ಆಮೇಲೆ ಮೈಮೇಲಿನ ಕೌದಿಯನ್ನು ಒಂದೇ ಕೈಯಲ್ಲಿ ಮೆಲ್ಲಗೆ ಎಳೆದು, ನನ್ನ ಬೆಡ್ಡಿನ ಅಂಚಿಗೆ ತಳ್ಳಿದರು. "ತಗಳವ್ವ. ಕೇಳ್ತಿದ್ದಿ ಅಲ್ಲ, ಇಟ್ಕ. ಇನ್ನು ನನಗೆ ಬ್ಯಾಡ."

ನ್ಯಾಮತಿ ಮುಖ ಆ ಕಡೆ ತಿರುಗಿಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಮಾತ್ರ ಅದೆಲ್ಲಿತ್ತೋ, ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಉಕ್ಕಿ ಬಂತು.

"ಏನ್ರೀ ಅಜ್ಜಿ, ಆ ಹುಡುಗಿ ಈಟಿ ಬಿಸಾಕಿದ್ಲು ಅಂತ ಬೈದ್ರಲ್ಲ, ನೀವೀಗ ಮಾಡ್ತಿರೋದು ಏನು?" ಎಂದು ಕೂಗಿದೆ. ತಡೆಯಲಾಗಲಿಲ್ಲ. "ಮತ್ತೆ ಇದು ಯಾವ ಸೀಮೆ ಮಂಗಲ? ಪ್ರಸಾದ ತಿಂದು ಎದ್ದು ಹೋಗೋದಾ? ನಿಮ್ಮಪ್ಪ ಇದ್ದಿದ್ರೆ ಸುಮ್ನೆ ಬಿಡ್ತಿದ್ರಾ? ಮುಗಿಸಿದ ಬಾಯಲ್ಲೇ ಶುರು ಮಾಡಬೇಕು ಅಂತ ಹೇಳಿದೋರು ನೀವೇ. ಶುರುವಿನ ಕಂತು ನೀವು ನೋಡೇ ಇಲ್ಲ. ಅರ್ಧದಿಂದ ಕಥೆ ಕೇಳಿ ಮಂಗಲ ಮಾಡಿದ್ರೆ ಅದು ನಡೆಯಲ್ಲ, ತಿಳೀತಾ?"

ಇದನ್ನು ನಾನು ಯೋಚಿಸಿಕೊಂಡು ಬಂದಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂತು, ಅಷ್ಟೇ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಅಪ್ಪನ ಹೆಸರೆತ್ತಿದರೆ ಅಜ್ಜಿ ಎದುರು ಮಾತಾಡುವವರಲ್ಲ. ಮೇಷ್ಟ್ರು ಕಿಟಕಿ ಕಡೆಯಿಂದ ಗಂಟಲು ಸರಿಮಾಡಿಕೊಂಡು, "ಹೌದ್ರೀ ಅಜ್ಜಿ, ಸಂಪ್ರದಾಯ ಅಂದ ಮೇಲೆ ಪೂರ್ತಿ ಪಾಲಿಸಬೇಕು" ಎಂದರು. ಅದನ್ನು ಉಪಾಯ ಎಂದು ಗೇಲಿ ಮಾಡಿದ್ದವರೂ ಇವರೇ! ಅಷ್ಟರಲ್ಲಿ ನ್ಯಾಮತಿ ಬಲಗೈಯಲ್ಲೇ ಫೋನು ಒತ್ತಿ ಒತ್ತಿ ಮೊದಲನೆಯ ಕಂತನ್ನು ಹುಡುಕಿ ತೆಗೆದಿದ್ದ. ಸಿಸ್ಟರ್ ಫೋನನ್ನು ಅಜ್ಜಿಯ ಪಕ್ಕದ ಡ್ರಿಪ್ ಸ್ಟ್ಯಾಂಡಿಗೆ ಪ್ಲಾಸ್ಟರ್ ಸುತ್ತಿ ಅಂಟಿಸಿದರು, ಸೌಂಡು ಜಾಸ್ತಿ ಮಾಡಿದರು.

"ಒಂದಿಷ್ಟು ನೋಡ್ತೀನಿ, ಅಪ್ಪನ ಸಲುವಾಗಿ" ಎಂದರು ಅಜ್ಜಿ ಬಿಗುವಾಗಿ.

ಮೊದಲ ಕಂತಿನಲ್ಲಿ ನಾಯಕಿ ಏಳೆಂಟು ವರ್ಷದ ಪುಟ್ಟ ಹುಡುಗಿ. ಎರಡು ಜಡೆ, ಹಲ್ಲು ಬಿದ್ದ ಬಾಯಿ, ಎಡಗೈ ನುಣ್ಣಗೆ. ಅಜ್ಜಿ ದಿಂಬಿನಿಂದ ತಲೆ ಎತ್ತಿದರು. "ಅಯ್ಯ ನನ್ನವ್ವ, ಇದು ಅದೇ ಹುಡುಗಿಯೇನು? ಗಾಯ ಇನ್ನೂ ಇಲ್ಲ ನೋಡು!" ಅಮ್ಮ ಅವಳಿಗೆ ಜಡೆ ಹಾಕುತ್ತಾಳೆ, ಅಪ್ಪ ಈಟಿಗೆ ಸಾಣೆ ಹಿಡಿಯುತ್ತಾನೆ. ಅಜ್ಜಿಯದು ಎಲ್ಲದಕ್ಕೂ ಒಂದೊಂದು ಮಾತು. "ಓ, ಈಟಿ ಇವರಪ್ಪಂದಾ! ಅಪ್ಪನ ಈಟಿ ಹೊಳೆಗೆ ಬಿಸಾಕಿದ್ಲಾ? ಹಾಳಾದೋಳು!" ನಮಗೂ ಎಲ್ಲ ಮರೆತೇಹೋಗಿತ್ತು. ಮೇಷ್ಟ್ರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಹುಡುಗಿ ಹಿತ್ತಲಿಗೆ ಓಡಿದಳು. ಮರದ ಹಿಂದೆ ಏನೋ ಅಲುಗಿತು. ಹುಡುಗಿ ಎಡಗೈ ಚಾಚಿದಳು...

ಪೀಂ, ಪೀಂ, ಪೀಂ ಎಂದು ಅಜ್ಜಿಯ ಮಷೀನು ಕೂಗಿತು. ಅವರ ನಾಲ್ಕು ಗಂಟೆ ಮುಗಿದಿತ್ತು.

"ನಿಲ್ಸು, ನಿಲ್ಸು!" ಎಂದು ಅಜ್ಜಿ ನ್ಯಾಮತಿಗೆ ಕೂಗಿದರು. ಸಿಸ್ಟರ್ ಫೋನು ನಿಲ್ಲಿಸಿದರು. ಮಷೀನು ಕೊಳವೆಯಲ್ಲಿ ಉಳಿದಿದ್ದ ರಕ್ತವನ್ನೆಲ್ಲ ಅಜ್ಜಿಯ ಮೈಗೆ ತಿರುಗಿ ಕಳಿಸಿತು. ಸೂಜಿ ತೆಗೆದರು, ಹತ್ತಿ ಒತ್ತಿದರು. ಅಜ್ಜಿ ಫೋನಿನಲ್ಲಿ ನಿಂತುಹೋದ ಚಿತ್ರವನ್ನೇ ನೋಡುತ್ತ ಕೂತಿದ್ದರು. ಹುಡುಗಿಯ ಕೈ ಅಲ್ಲೇ ಚಾಚಿಕೊಂಡಿತ್ತು. ನ್ಯಾಮತಿ, "ಅಜ್ಜಿ, ಫೋನು ಮಗಳ ಕೈಲಿ ಕೊಡ್ಲಾ? ಮನೇಲಿ ನೋಡ್ತೀರಾ?" ಎಂದುಬಿಟ್ಟ. ಆ ಕ್ಷಣಕ್ಕೆ ಅವನ ಕತ್ತು ಹಿಸುಕಬೇಕು ಅನ್ನಿಸಿತು ನನಗೆ.

"ಮನ್ಯಾಗಾ?" ಅಜ್ಜಿ ಅವನನ್ನು ದುರುಗುಟ್ಟಿ ನೋಡಿದರು. "ಕಾನೂನು ಗೊತ್ತಿಲ್ಲೇನು ನಿನಗೆ? ನಾಲ್ಕೂ ಮಂದಿ ಕೂಡೇ ನೋಡಬೇಕು. ಬುಧವಾರ ಹಾಕು." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಕದ್ದು ನೋಡ್ಕಂಡು ಬಂದು ಬಾಯಿ ಬಿಟ್ಟೀರಾ, ನೋಡ್ರಿ ಮತ್ತೆ" ಎಂದು ಬೆರಳು ತೋರಿಸಿದರು.

ಮಗಳು ಬಂದು ಕೈ ಹಿಡಿದು ಎಬ್ಬಿಸಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ಅಜ್ಜಿ ಚಪ್ಪಲಿ ಮೆಟ್ಟಿದರು, ಎರಡು ಹೆಜ್ಜೆ ಹೋದರು, ನಿಂತರು. ತಿರುಗಿ ನನ್ನ ಬೆಡ್ಡಿನ ಹತ್ತಿರ ಬಂದು ಕೈ ಚಾಚಿದರು.

"ಕೌದಿ ಇತ್ತ ಕೊಡು. ಬುಧವಾರ ನನಗೆ ಚಳಿಯಾಗ್ತೈತೆ."

ನನ್ನ ಕಣ್ಣು ಮಂಜಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಕೊಟ್ಟಿದ್ದನ್ನ ವಾಪಸ್ ಕೇಳಾಕೆ ನಾಚಿಕೆ ಆಗಲ್ವೇನ್ರೀ ಅಜ್ಜಿ?" ಎಂದೆ.

"ನಾಚಿಕೆ ಯಾಕೆ?" ಎಂದು ಅಜ್ಜಿ ಗದ್ದವನ್ನು ಮಷೀನಿನ ಕಡೆ ತಿರುಗಿಸಿದರು. "ಆ ಪಿಶಾಚಿನೇ ತಗಂಡಿದ್ದನ್ನ ವಾಪಸ್ ಕೊಡ್ತೈತೆ. ನಿನಗೇನು ಧಾಡಿ?"

ನಾನು ಬಲಗೈಯೊಂದರಲ್ಲೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅವರ ಕೈಗಿಟ್ಟೆ.